ಕರೆಂಟ್ ಎಲ್ಲಿ ನಿಂತಿತು?

ನಮ್ಮ ಚಿಕ್ಕೋಡಿ-ನಿಪ್ಪಾಣಿ ಕಡೆಯ ಹಳೆಯ ಮಿಸ್ತ್ರಿಗಳ ಬಾಯಲ್ಲಿ 'ಸ್ಪಾರ್ಕ್' ಎಂಬ ಮಾತು ಕೇಳಿಬರುವುದು ಕಡಿಮೆ. ಪ್ಲಗ್ಗಿನ ತುದಿಯಲ್ಲಿ ಹಾರುವ ನೀಲಿ ಕಿಡಿಗೆ ಅವರು 'ಕರೆಂಟ್' ಎಂದೇ ಕರೆಯುತ್ತಾರೆ. ಪೆಟ್ರೋಲ್ ಗಾಡಿ ಚಾಲೂ ಆಗದೆ ನಿಂತಿತೆಂದರೆ ಅವರ ಪ್ರಶ್ನೆಗಳು ಎರಡೇ: "ಪೆಟ್ರೋಲ್ ಬರಾಕತ್ತೈತೇನು? ಕರೆಂಟ್ ಬರಾಕತ್ತೈತೇನು?" ಮೊದಲನೆಯದಕ್ಕೆ ಉತ್ತರ ಹುಡುಕುವುದು ಸುಲಭ. ಪೆಟ್ರೋಲಿಗೆ ಬಣ್ಣವಿದೆ, ವಾಸನೆಯಿದೆ, ಕೈಗೆ ತಾಗುತ್ತದೆ. ಎರಡನೆಯದು ಹಾಗಲ್ಲ. ಕರೆಂಟು ಕಣ್ಣಿಗೆ ಕಾಣದು. ಕಾಣದ ವಸ್ತು ದಾರಿಯಲ್ಲಿ ಎಲ್ಲಿ ನಿಂತುಹೋಯಿತು ಎಂದು ಪತ್ತೆ ಹಚ್ಚಬೇಕಾದಾಗ ಮನುಷ್ಯರ ಸ್ವಭಾವ ಬಯಲಾಗುತ್ತದೆ. ಕೆಲವರು ಹುಡುಕುತ್ತಾರೆ. ಹೆಚ್ಚಿನವರು ಊಹಿಸುತ್ತಾರೆ.

ನಾನು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಓದಿದವನು. ಎರಡೂ ಕಡೆ ಒಂದೇ ಪದ ಎದುರಾದಾಗ ಅದನ್ನು ತಿರುಗಿಸಿ ನೋಡುವ ಚಟ ಅಂದಿನಿಂದಲೇ ಅಂಟಿಕೊಂಡಿದೆ. ಉರ್ದುವಿನಲ್ಲಿ 'ಗುಮಾನ್' ಎಂದರೆ ಊಹೆ, ಅನಿಸಿಕೆ. ಒಬ್ಬರ ಬಗ್ಗೆ ಒಳ್ಳೆಯ ಗುಮಾನ್ ಇಟ್ಟುಕೊಳ್ಳಬಹುದು, ಕೆಟ್ಟದ್ದನ್ನೂ ಇಟ್ಟುಕೊಳ್ಳಬಹುದು. ಅದೇ ಪದ ಕನ್ನಡಕ್ಕೆ ಬಂದು 'ಗುಮಾನಿ' ಆದಾಗ ಕೆಟ್ಟದ್ದಷ್ಟೇ ಉಳಿಯಿತು. ನಮ್ಮ ಮಾತಿನಲ್ಲಿ ಗುಮಾನಿ ಎಂದರೆ ಸಂಶಯ, ಅದೂ ಯಾರದೋ ಮೇಲಿನ ಸಂಶಯ. ಪದ ಯಾಕೆ ಹೀಗೆ ಅರ್ಧವಾಯಿತೋ ಪಂಡಿತರು ಹೇಳಬೇಕು. ನನಗೆ ಮಾತ್ರ ಅದರ ಪೂರ್ತಿ ಅರ್ಥ ತಿಳಿದದ್ದು ಒಂದು ಅಂಬಾಸಡರ್ ಕಾರಿನ ಬಾನೆಟ್ ಕೆಳಗೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳು ಕರ್ನಾಟಕದ ವಾಯವ್ಯ ಮೂಲೆಯಲ್ಲಿವೆ. ನಿಪ್ಪಾಣಿ ಮತ್ತು ಕಾಗವಾಡ ತಾಲೂಕು ಆದದ್ದು ಈಚೆಗೆ, 2018ರಲ್ಲಿ. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಉಗಾರದ ಸಕ್ಕರೆ ಎಂದರೆ ಹೊರಗಿನವರಿಗೆ ಗುರುತು ಸಿಗುತ್ತದೆ. ಒಳಗಿನವರಿಗೆ ಇನ್ನೊಂದು ಗುರುತೂ ಇದೆ, ಅದು ಮಿರಜದ ದಾರಿ. ಮಿರಜದಲ್ಲಿ 1894ರಲ್ಲಿ ವಾನ್ಲೆಸ್ ಮಿಶನ್ ಆಸ್ಪತ್ರೆ ಆರಂಭವಾದಂದಿನಿಂದ ಈ ಭಾಗದ ಜನ ದೊಡ್ಡ ಕಾಯಿಲೆಗೆಲ್ಲ ರಾಜ್ಯದ ಗಡಿ ದಾಟಿ ಅತ್ತ ಕಡೆಗೇ ಹೋಗಿದ್ದಾರೆ. ಆಂಬುಲೆನ್ಸ್ ಎಂಬುದು ಹಳ್ಳಿಗಳಿಗೆ ಇನ್ನೂ ಬಂದಿರದ ಕಾಲದಲ್ಲಿ ಅವರನ್ನು ಹೊತ್ತದ್ದು ಜೀಪುಗಳು, ಟ್ರ್ಯಾಕ್ಸುಗಳು ಮತ್ತು ಅಂಬಾಸಡರುಗಳು.

ನಮ್ಮ ಅಬ್ಬಾ 1991ರಲ್ಲಿ ಅಂಥದೊಂದು ಅಂಬಾಸಡರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. 1984ರ ಮಾರ್ಕ್ 4, ಪೆಟ್ರೋಲ್ ಗಾಡಿ. ಮದುವೆ ದಿಬ್ಬಣ, ಚಿಂಚಲಿ ಮಾಯಕ್ಕನ ಜಾತ್ರೆ, ಕೋರ್ಟಿನ ತಾರೀಖು ಎಲ್ಲಕ್ಕೂ ಅದೇ. ಆದರೆ ಊರಿನವರ ನೆನಪಿನಲ್ಲಿ ಅದು ಉಳಿದದ್ದು ರಾತ್ರಿಯ ಬಾಡಿಗೆಗಳಿಂದ. ಹೆರಿಗೆ ನೋವಿನವರು, ಹಾವು ಕಡಿದವರು, ಕಬ್ಬಿನ ಗಾಡಿಯಿಂದ ಬಿದ್ದವರು ಅದರ ಹಿಂದಿನ ಸೀಟಿನಲ್ಲಿ ಮಲಗಿ ಮಿರಜಕ್ಕೆ ಹೋಗಿದ್ದಾರೆ. ಬಾಗಿಲು ಬಡಿದವರು ಯಾವ ಓಣಿಯವರು ಎಂದು ಅಬ್ಬಾ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳುತ್ತಿದ್ದದ್ದು ಒಂದೇ, "ಎಷ್ಟು ಮಂದಿ ಅದೀರಿ?" ಅಬ್ಬಾ 2016ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ ನಿಂತು ಎರಡು ವರ್ಷವಾಗಿತ್ತು. ಗಾಡಿ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿತು. ವಾರಕ್ಕೊಮ್ಮೆ ಅಣ್ಣ ಅದನ್ನು ಚಾಲೂ ಮಾಡಿ ಒಂದು ಸುತ್ತು ತಿರುಗಿಸಿ ತಂದು ನಿಲ್ಲಿಸುತ್ತಿದ್ದ.

2024ರಲ್ಲಿ ಅದರ ನೋಂದಣಿ ಮತ್ತೆ ನವೀಕರಿಸಬೇಕಿತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಇದು ತಪ್ಪದ ಕೆಲಸ. 2022ರ ಏಪ್ರಿಲಿನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು (2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು). ದುಡ್ಡು ಕಟ್ಟಿದರಷ್ಟೇ ಸಾಲದು. ಗಾಡಿ ಚಿಕ್ಕೋಡಿಯ ಆರ್‌ಟಿಒ ಕಚೇರಿಗೆ ಹೋಗಿ ಇನ್‌ಸ್ಪೆಕ್ಟರರ ಮುಂದೆ ನಿಲ್ಲಬೇಕು. ತಾರೀಖು ಹದಿನೈದು ದಿನ ದೂರವಿರುವಾಗ, ಮಳೆಗಾಲದ ಒಂದು ಬೆಳಿಗ್ಗೆ, ಗಾಡಿ ಚಾಲೂ ಆಗಲಿಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ.

ಊಹೆಗಳು ಒಂದೊಂದಾಗಿ ಬಂದವು. ಪೆಟ್ರೋಲಿನಲ್ಲಿ ನೀರು ಬೆರೆತಿರಬೇಕು ಎಂದರು ಒಬ್ಬರು. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದ್ದಾಯಿತು. ಮಳೆಯ ಥಂಡಿ ಒಳಗೆ ಹೊಕ್ಕಿದೆ ಎಂದರು ಇನ್ನೊಬ್ಬರು. ಕೃಷ್ಣಾ ನದಿ ತುಂಬಿ ಕಲ್ಲೋಳ-ಯಡೂರ ಸೇತುವೆ ಮುಳುಗುವ ದಿನಗಳಲ್ಲಿ ನಮ್ಮಲ್ಲಿ ಎಲ್ಲ ರೋಗಕ್ಕೂ ಥಂಡಿಯೇ ಕಾರಣ. ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದದ್ದಾಯಿತು. ಆಮೇಲೆ ನಾಲ್ಕು ಪ್ಲಗ್ ಹೊಸವು. ಪಾಯಿಂಟ್ ಸೆಟ್ ಹೊಸದು. ಕಂಡೆನ್ಸರ್ ಹೊಸದು. ಮೂರು ಸಾವಿರ ರೂಪಾಯಿಯ ಊಹೆಗಳು ಬಾನೆಟ್ ಕೆಳಗೆ ಹೊಳೆಯುತ್ತಿದ್ದವು. ಗಾಡಿ ಮಾತ್ರ ಮೌನ.

ವಸ್ತುಗಳ ಮೇಲಿನ ಊಹೆ ಮುಗಿದ ಮೇಲೆ ಮನುಷ್ಯರ ಮೇಲಿನದು ಶುರುವಾಯಿತು. ಎರಡು ತಿಂಗಳ ಹಿಂದೆ ಗಾಡಿ ಬಜಾರದ ಒಂದು ಗ್ಯಾರೇಜಿಗೆ ಆಯಿಲ್ ಬದಲಿಸಲು ಹೋಗಿತ್ತು. ಅಲ್ಲಿ ಅಥಣಿ ಕಡೆಯ ಹಳ್ಳಿಯಿಂದ ಬಂದ, ಐಟಿಐ ಮುಗಿಸಿದ ಹುಡುಗನೊಬ್ಬ ಕೆಲಸಕ್ಕಿದ್ದ. ಎಂಜಿನನ್ನೆಲ್ಲ ಒರೆಸಿ ಚೊಕ್ಕ ಮಾಡಿ ಕೊಟ್ಟವನು ಆತನೇ. ಯಾರೋ ಒಂದು ಮಾತು ಎಸೆದರು: "ಹಳೇ ಕಂಪನಿ ಕಾಯಿಲ್‌ಗೆ ಈಗ ಭಾಳ ರೇಟ್ ಐತಿ. ಅದನ್ನ ಬಿಚ್ಚಿಕೊಂಡು ಡುಪ್ಲಿಕೇಟ್ ಹಾಕ್ಯಾನ." ಅಣ್ಣ ಬಾನೆಟ್ ಎತ್ತಿ ನೋಡಿದ. ಕಾಯಿಲ್ ಮೇಲೆ ಮೊದಲು ಇದ್ದ ಅಕ್ಷರಗಳು ಕಾಣಲಿಲ್ಲ. ಅಷ್ಟು ಸಾಕಾಯಿತು. ಗ್ಯಾರೇಜಿಗೆ ಹೋಗಿ ಎದುರಿನ ಚಹಾದಂಗಡಿಯವರಿಗೂ ಕೇಳುವಂತೆ ಕೂಗಾಡಿ ಬಂದ. ಮಾಲೀಕ ಹುಡುಗನಿಗೆ, "ಇದು ಇತ್ಯರ್ಥ ಆಗೂತನ ಬರಬ್ಯಾಡ" ಎಂದು ಹೇಳಿ ಕಳಿಸಿದ. ಅಲ್ಲಿ ನಿಂತಿದ್ದ ಒಬ್ಬರು ಸಮಾಧಾನ ಹೇಳುವ ಧಾಟಿಯಲ್ಲಿ, "ಆ ಜನಾನ ಹಂಗ ಬಿಡ್ರಿ" ಎಂದರಂತೆ. ಯಾವ ಜನ ಎಂದು ನಾನಿಲ್ಲಿ ಬರೆಯುವುದಿಲ್ಲ. ಓದುಗರು ತಮಗೆ ತಿಳಿದ ಯಾವ ಜಾತಿ, ಯಾವ ಧರ್ಮದ ಹೆಸರನ್ನಾದರೂ ಅಲ್ಲಿ ಹಾಕಿ ನೋಡಲಿ. ವಾಕ್ಯ ಎಲ್ಲಿಯೂ ತೊಡರುವುದಿಲ್ಲ. ನಮ್ಮ ಬಗ್ಗೆಯೂ ಆ ವಾಕ್ಯವನ್ನು ನಾನು ಬಸ್ಸಿನಲ್ಲಿ, ಆಫೀಸಿನಲ್ಲಿ, ಬಾಡಿಗೆ ಮನೆ ಕೇಳಲು ಹೋದಲ್ಲಿ ಕೇಳಿದ್ದೇನೆ.

ಗುಜರಿಯವನೂ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋದ. ನಮ್ಮಲ್ಲಿ ಗುಜರಿಗೆ ಮರಾಠಿಯ 'ಭಂಗಾರ' ಎಂಬ ಹೆಸರೂ ಉಂಟು. ಬಂಗಾರಕ್ಕೂ ಭಂಗಾರಕ್ಕೂ ನಡುವೆ ಒಂದು ಮಹಾಪ್ರಾಣದ ಅಂತರ. ಅಮ್ಮಿ ಏನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಮಾತ್ರ ಬರಲಿಲ್ಲ.

ನಾನು ನಿಪ್ಪಾಣಿಗೆ ಹೋಗಿ ಅಬ್ಬಾನ ಕಾಲದ ಮಿಸ್ತ್ರಿ ಚಾಚಾರನ್ನು ಕರೆತಂದೆ. ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುವ ಆ ಊರಿನಲ್ಲಿ ಐವತ್ತು ವರ್ಷ ಪಾನಾ ಹಿಡಿದವರು. ಈಗ ಎಪ್ಪತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಮಸುಕು. ಯಾವ ಭಾಷೆಯನ್ನೂ ಓದಲು ಬಾರದು, ನಾಲ್ಕು ಭಾಷೆ ಮಾತಾಡುತ್ತಾರೆ. ನಮ್ಮ ಗ್ಯಾರೇಜಿನ ಭಾಷೆಯೇ ಹಾಗೆ. ಮಿಸ್ತ್ರಿ ಎಂಬ ಪದ ಬಂದದ್ದು ಪೋರ್ಚುಗೀಸರ 'ಮೇಸ್ತ್ರೆ'ಯಿಂದ. ಪಾನಾ, ಪಕ್ಕಡ ಮರಾಠಿಯವು. ಇನ್ನು ಇಂಗ್ಲಿಷಿನವರು ಡಿಸ್ಟ್ರಿಬ್ಯೂಟರ್ ಎನ್ನುವ ಭಾಗಕ್ಕೆ ಚಾಚಾ ಹೇಳುವುದು 'ಡೆಲ್ಕೋ'. ಅದೊಂದು ಕಂಪನಿಯ ಹೆಸರು. ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ 1909ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ಜೊತೆಗಾರನೊಂದಿಗೆ ಕಟ್ಟಿದ ಪ್ರಯೋಗಶಾಲೆಯ ಹೆಸರಿನ ಮೊದಲಕ್ಷರಗಳು ಸೇರಿ ಡೆಲ್ಕೋ ಆಯಿತು. ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳಿಂದ ಕಿಡಿ ಹೊರಡಿಸುವ ಆತನ ಏರ್ಪಾಡು 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದೇ ಏರ್ಪಾಡು ಹೆಚ್ಚೇನೂ ಬದಲಾಗದೆ ನಮ್ಮ ಅಂಬಾಸಡರಿನಲ್ಲೂ ಇದೆ. ಕೆಟರಿಂಗನ ಹೆಸರು ಚಾಚಾ ಕೇಳಿಲ್ಲ. ಆದರೆ ಆತ ಕಟ್ಟಿದ ಸಂಸ್ಥೆಯ ಹೆಸರು ದಿನಕ್ಕೆ ಹತ್ತು ಸಲ ಅವರ ನಾಲಿಗೆಯ ಮೇಲೆ ಬಂದುಹೋಗುತ್ತದೆ.

ಬಂದ ಕೂಡಲೇ ಅಣ್ಣ ಕಾಯಿಲ್ ಕಥೆಯನ್ನು ಮೊದಲಿನಿಂದ ಶುರುಮಾಡಿದ. ಚಾಚಾ ಕೈ ಎತ್ತಿ ತಡೆದರು. "ಗಾಡೀ ಕೂ ಪೂಛೋ ಬಾಬಾ, ಲೋಗಾಂ ಕೂ ನಕ್ಕೋ." ಗಾಡಿಯನ್ನು ಕೇಳು, ಜನರನ್ನು ಬೇಡ.

ಗಾಡಿಯನ್ನು ಕೇಳುವ ಅವರ ಸಾಧನ ಒಂದು ಪುಟ್ಟ ದೀಪ. ಹನ್ನೆರಡು ವೋಲ್ಟಿನ ನಂಬರ್ ಪ್ಲೇಟಿನ ಬಲ್ಬು, ಅದಕ್ಕೆ ಬೆಸೆದ ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಮೊಳೆ. ಅದನ್ನು ಹೊರತೆಗೆಯುವ ಮೊದಲು ಇನ್ನೊಂದು ಕೆಲಸ ಮಾಡಿದರು. ಕಾಯಿಲ್‌ನಿಂದ ಡೆಲ್ಕೋದ ನಡುನೆತ್ತಿಗೆ ಹೋಗುವ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಪಕ್ಕಡದಿಂದ ಹಿಡಿದು, ಎಂಜಿನ್ನಿನ ಕಬ್ಬಿಣದಿಂದ ಕಾಲಿಂಚು ದೂರದಲ್ಲಿಟ್ಟು ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಕಿಡಿ ಹಾರಲಿಲ್ಲ. ಚಾಚಾ ತಲೆದೂಗಿದರು. ಪ್ಲಗ್ಗು, ಪ್ಲಗ್ಗಿನ ವೈರು, ರೋಟರ್, ಕ್ಯಾಪು ಇವೆಲ್ಲ ಆ ವೈರಿನ ಆಚೆಗಿವೆ. ಕರೆಂಟು ಅಲ್ಲಿಯವರೆಗೆ ಬಂದೇ ಇಲ್ಲ ಎಂದ ಮೇಲೆ ಅವುಗಳ ಮೇಲೆ ಗುಮಾನಿ ಪಡುವುದು ವ್ಯರ್ಥ. ನಾವು ಹಾಕಿದ ನಾಲ್ಕು ಹೊಸ ಪ್ಲಗ್ಗುಗಳ ಖರ್ಚು ಒಂದು ನಿಮಿಷದಲ್ಲಿ ಖೊಟ್ಟಿಯಾಯಿತು.

"ಪ್ಲಗ್ ಬಿಚ್ಚಿಟ್ಟೀರೇನು ಹಳೇವು? ಅವನ್ನೇ ಹಾಕ್ರಿ. ಮೈಕೋ ಅದಾವ, ಅವಕ್ಕೇನಾಗೈತಿ" ಎಂದರು ಚಾಚಾ. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿಗೆ 2008ರಲ್ಲಿ ಬಾಷ್ ಎಂದು ಹೆಸರಾಗಿದೆ ಎಂಬ ಸುದ್ದಿ ಅವರಿಗೆ ಬೇಕಾಗಿಲ್ಲ.

ಇಲ್ಲಿಂದ ಮುಂದಿನದು ಅರ್ಥವಾಗಬೇಕಾದರೆ ಕಿಡಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಕಾರಿನ ಬ್ಯಾಟರಿಯಲ್ಲಿರುವುದು ಬರೀ ಹನ್ನೆರಡು ವೋಲ್ಟು. ಪ್ಲಗ್ಗಿನ ತುದಿಯ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ ಸಾವಿರಗಟ್ಟಲೆ ವೋಲ್ಟು ಬೇಕು. ಈ ಅಂತರವನ್ನು ದಾಟಿಸುವುದು ಕಾಯಿಲ್. ಅದರೊಳಗೆ ಎರಡು ಸುರುಳಿಗಳಿವೆ, ಒಂದು ದಪ್ಪ ತಂತಿಯ ಕೆಲವು ನೂರು ಸುತ್ತು, ಇನ್ನೊಂದು ಕೂದಲೆಳೆಯ ತಂತಿಯ ಸಾವಿರಾರು ಸುತ್ತು. ದಪ್ಪ ಸುರುಳಿಯಲ್ಲಿ ಕರೆಂಟು ಹರಿಯುವಾಗ ಅದರ ಸುತ್ತ ಅಯಸ್ಕಾಂತದ ಕ್ಷೇತ್ರ ಕಟ್ಟಿಕೊಳ್ಳುತ್ತದೆ. ಹರಿಯುತ್ತಿದ್ದದ್ದು ತಟ್ಟನೆ ನಿಂತರೆ ಆ ಕ್ಷೇತ್ರ ಕುಸಿಯುತ್ತದೆ, ಕುಸಿಯುವ ರಭಸಕ್ಕೆ ಸಣ್ಣ ಸುರುಳಿಯಲ್ಲಿ ಭಾರಿ ವೋಲ್ಟು ಚಿಮ್ಮುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸತ್ಯ ಇದು. ಅಂದರೆ ಕಿಡಿ ಹುಟ್ಟುವುದು ಕರೆಂಟು ಹರಿಯುವಾಗ ಅಲ್ಲ, ಹರಿಯುವುದು ಕಡಿದಾಗ. ಕಡಿಯುವ ಕೆಲಸ ಡೆಲ್ಕೋದೊಳಗಿನ ಪಾಯಿಂಟುಗಳದು. ಕೂಡಿದಾಗ ಕರೆಂಟು ಕಾಯಿಲ್ ಮೂಲಕ ಹರಿದು ಗಾಡಿಯ ಮೈಗೆ, ಅಂದರೆ ಅರ್ಥಿಗೆ ಇಳಿಯುತ್ತದೆ. ಬಿಟ್ಟಾಗ ಕಿಡಿ ಹಾರುತ್ತದೆ. ಬಿಡುವ ಅಂತರ ಹೆಚ್ಚುಕಡಿಮೆ 0.4 ಮಿಲಿಮೀಟರ್. ಬಿಡುವಾಗ ಪಾಯಿಂಟುಗಳ ನಡುವೆಯೇ ಕಿಡಿ ಹತ್ತಿ ಅವು ಸುಡದಂತೆ ಕಾಯುವುದು ಕಂಡೆನ್ಸರ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಈ ಕೂಡುವುದು-ಬಿಡುವುದು ನಿಮಿಷಕ್ಕೆ 6,000 ಸಲ, ಸೆಕೆಂಡಿಗೆ ನೂರು ಸಲ ನಡೆಯುತ್ತದೆ.

ಈಗ ಚಾಚಾ ದೀಪ ತೆಗೆದರು. ಅವರ ಕಣ್ಣಿಗೆ ಹಗಲಿನಲ್ಲಿ ಬಲ್ಬು ಹತ್ತಿದ್ದು ಸರಿಯಾಗಿ ಕಾಣದು. "ನೀ ನೋಡಿ ಹೇಳ. ಹತ್ತಿದ್ರ ಹತ್ತೈತಿ, ಇಲ್ಲಂದ್ರ ಇಲ್ಲ. ನಿನ್ನ ಕಥಿ ಸೇರಸಬ್ಯಾಡ" ಎಂದರು. ಕಥೆ ಬರೆಯುವವನಿಗೆ ಇದಕ್ಕಿಂತ ಕಠಿಣ ನಿಯಮ ಯಾವ ಸಂಪಾದಕರೂ ಹಾಕಿರಲಿಲ್ಲ.

ಕ್ಲಿಪ್ಪನ್ನು ಗಾಡಿಯ ಮೈಗೆ ಸಿಕ್ಕಿಸಿ, ಚಾವಿ ತಿರುಗಿಸಿ, ಮೊಳೆಯನ್ನು ಕಾಯಿಲ್‌ಗೆ ಕರೆಂಟು ಬರುವ ತುದಿಗೆ ಮುಟ್ಟಿಸಿದರು. ದೀಪ ಹತ್ತಿತು. ಬ್ಯಾಟರಿ, ಚಾವಿಯ ಸ್ವಿಚ್ಚು, ಅಲ್ಲಿಂದ ಬರುವ ವೈರು, ಮೂರೂ ಖುಲಾಸೆ.

ನಂತರ ಕಾಯಿಲ್‌ನ ಇನ್ನೊಂದು ತುದಿ, ಡೆಲ್ಕೋಗೆ ಹೋಗುವ ಕಡೆ. ಇಲ್ಲಿ ಎರಡು ಸಲ ನೋಡಬೇಕು. ಪಾಯಿಂಟು ಬಿಟ್ಟಿದ್ದಾಗ ದೀಪ ಹತ್ತಬೇಕು, ಕೂಡಿದಾಗ ಆರಬೇಕು. ಕೂಡಿದಾಗ ಕರೆಂಟಿಗೆ ಅರ್ಥಿಗೆ ಇಳಿಯುವ ಸಲೀಸಾದ ದಾರಿ ಸಿಗುತ್ತದೆ, ದೀಪದ ಮೂಲಕ ಸುತ್ತುಹಾಕಿ ಹೋಗುವುದಿಲ್ಲ. ಅಣ್ಣ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಗೇಣು ಗೇಣು ಮುಂದಕ್ಕೆ ತಳ್ಳಿದ. ಎಂಜಿನ್ ನಿಧಾನ ತಿರುಗಿತು. ನಾನು ನೋಡಿ ಹೇಳುತ್ತಾ ಹೋದೆ. "ಹತ್ತೈತಿ... ಹತ್ತೈತಿ... ಹತ್ತೈತಿ..." ಪಾಯಿಂಟು ಕೂಡಿದರೂ ಬಿಟ್ಟರೂ ದೀಪ ಹಾಗೆಯೇ ಉರಿಯುತ್ತಿತ್ತು.

ಚಾಚಾ ಅಣ್ಣನ ಕಡೆ ತಿರುಗಿದರು. "ಕಾಯಿಲ್ ದಾಟಿ ಕರೆಂಟ್ ಹೊರಗ ಬಂದೈತಿ. ಇಲ್ಲೀತನ ಕಾಯಿಲ್ ಮ್ಯಾಲೆ ತಪ್ಪಿಲ್ಲ. ಕೆಳಗ ಇಳ್ಯಾಕ ದಾರಿ ಸಿಗವಲ್ದು."

ಕ್ಯಾಪ್ ಬಿಚ್ಚಿದರು. ಪಾಯಿಂಟು ಕೂಡಿರುವಾಗ ಅದರ ಸ್ಪ್ರಿಂಗಿಗೆ ಮೊಳೆ ಮುಟ್ಟಿಸಿದರು, ದೀಪ ಹತ್ತಿತು. ಅಂದರೆ ಕಾಯಿಲ್‌ನಿಂದ ಪಾಯಿಂಟಿಗೆ ಬರುವ ವೈರು ಸರಿಯಿದೆ. ಇನ್ನು ಪಾಯಿಂಟಿನ ಮುಖಗಳಿಗೆ ಎಣ್ಣೆಯೋ ಮಸಿಯೋ ಅಂಟಿರಬಹುದು ಎಂದು ಅಣ್ಣ ಹೇಳಿದ. ಚಾಚಾ ಉತ್ತರಿಸಲಿಲ್ಲ. ಪಾಯಿಂಟುಗಳನ್ನು ಹೊತ್ತು ಕೂತ ತಳದ ತಗಡಿಗೆ ಮೊಳೆ ಮುಟ್ಟಿಸಿದರು. ಅದು ಅರ್ಥ್ ಆಗಿರಬೇಕಾದ ಜಾಗ, ಅಲ್ಲಿ ದೀಪ ಹತ್ತಕೂಡದು.

"ಹತ್ತೈತಿ ಚಾಚಾ" ಎಂದೆ.

"ಖರೇ ಹೇಳತಿ?"

"ಹತ್ತೈತಿ."

ಚಾಚಾ ಇಸ್ಕ್ರೂ ಡ್ರೈವರನ್ನು ಆ ತಗಡಿಗೂ ಡೆಲ್ಕೋದ ಹೊರಮೈಗೂ ತಾಗುವಂತೆ ಅಡ್ಡ ಹಿಡಿದರು. ದೀಪ ಆರಿತು. ತೆಗೆದರು, ಹತ್ತಿತು. ಆ ತಗಡನ್ನು ಡೆಲ್ಕೋದ ಮೈಗೆ ಜೋಡಿಸುವ ಒಂದು ಸಣ್ಣ ವೈರು ಇರುತ್ತದೆ, ಎರಡಿಂಚು ಉದ್ದದ್ದು, ಮೇಲೆ ನೂಲಿನ ಹೊದಿಕೆ. ಎಂಜಿನ್ನಿನ ವ್ಯಾಕ್ಯೂಮ್ ಎಳೆದಾಗಲೆಲ್ಲ ತಗಡು ತುಸು ಹಿಂದೆ ಮುಂದೆ ಜರುಗುತ್ತದೆ, ಜೊತೆಗೆ ಆ ವೈರೂ ಬಾಗುತ್ತದೆ. ನಲವತ್ತು ವರ್ಷ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಹರಿದಿದ್ದವು. ಹೊದಿಕೆ ಮಾತ್ರ ಹಾಗೆಯೇ ಇತ್ತು. ನೋಡಿದವರಿಗೆ ವೈರು ಇಡಿಯಾಗಿಯೇ ಕಾಣುತ್ತಿತ್ತು. ವರ್ಷದಿಂದ ಗಾಡಿ ಆಗಾಗ ಕೆಮ್ಮುತ್ತಿತ್ತು, ಎಕ್ಸಲರೇಟರ್ ಒತ್ತಿದಾಗ ಒಮ್ಮೊಮ್ಮೆ ನಿಂತು ಮತ್ತೆ ತಾನೇ ಚಾಲೂ ಆಗುತ್ತಿತ್ತು. ಕೊನೆಯ ಎಳೆಗಳು ತಾಗಿದಾಗ ಓಡಿದೆ, ಬಿಟ್ಟಾಗ ನಿಂತಿದೆ. ಆಗೆಲ್ಲ ನಾವು ಬೈದದ್ದು ಪೆಟ್ರೋಲ್ ಬಂಕನ್ನು.

ಹೊಸ ವೈರಿಗೆ ಚಾಚಾ ಹಳೆಯ ಇಸ್ತ್ರಿಪೆಟ್ಟಿಗೆಯ ವೈರು ಕೇಳಿದರು. ಮನೆಯ ವೈರಿಂಗಿನ ಬಿರುಸು ತಂತಿ ಹಾಕಿದರೆ ತಗಡು ಜರುಗುವುದಕ್ಕೆ ಅಡ್ಡಿಯಾಗುತ್ತದೆ, ಆರು ತಿಂಗಳಲ್ಲಿ ಮತ್ತೆ ಮುರಿಯುತ್ತದೆ. ಇಸ್ತ್ರಿಯ ವೈರಿನಲ್ಲಿ ಸಣ್ಣ ಎಳೆಗಳು ಬಹಳ, ಅದು ಬಾಗುತ್ತದೆ. ಅಮ್ಮಿ ಅಟ್ಟದಿಂದ ಹುಡುಕಿ ತಂದುಕೊಟ್ಟಳು. ಬೆಸುಗೆ ಹಾಕಿ, ಕ್ಯಾಪ್ ಮುಚ್ಚಿ, ದಪ್ಪ ವೈರನ್ನು ಮತ್ತೆ ಕಬ್ಬಿಣದ ಹತ್ತಿರ ಹಿಡಿದರು. ಸೆಲ್ಫ್ ಹೊಡೆದಾಗ ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ವೈರು ಸಿಕ್ಕಿಸಿದ ಮೇಲೆ ಗಾಡಿ ಎರಡನೆಯ ಸಲಕ್ಕೆ ಹತ್ತಿಕೊಂಡಿತು.

ಅಣ್ಣ ನಕ್ಕ. ಚಾಚಾ ನಗಲಿಲ್ಲ. "ಇನ್ನೂ ಮುಗದಿಲ್ಲ" ಎಂದು ಎಂಜಿನ್ ಆರಿಸಿ, ಕಾಯಿಲ್ ಹಿಡಿದಿಟ್ಟಿದ್ದ ಪಟ್ಟಿಯ ಬೋಲ್ಟು ಸಡಿಲ ಮಾಡಿದರು. ಪಟ್ಟಿಯನ್ನು ಜರುಗಿಸಿದಾಗ ಅದರ ಅಡಿಯಲ್ಲಿ ಕಾಯಿಲ್ ಸುತ್ತ ಉಂಗುರದಂತೆ ತುಕ್ಕಿನ ಗುರುತು ಕಂಡಿತು. ಪಟ್ಟಿಯ ಒಳಮೈಯಲ್ಲೂ ಅದೇ ಅಗಲದ, ಅದೇ ಆಕಾರದ ಗುರುತು. ಒಂದಕ್ಕೊಂದು ಅಂಟಿ ವರ್ಷಗಟ್ಟಲೆ ಕೂತರಷ್ಟೇ ಹಾಗಾಗುತ್ತದೆ. ಆ ಕಾಯಿಲನ್ನು ಯಾರೂ ಬಿಚ್ಚಿರಲಿಲ್ಲ. ಅಕ್ಷರಗಳಿದ್ದದ್ದು ಬಣ್ಣದಲ್ಲಿ. ಹುಡುಗ ಎಂಜಿನ್ ಒರೆಸುವಾಗ ಡೀಸೆಲ್ ಬಟ್ಟೆಗೆ ಅವು ಹೋಗಿದ್ದವು. ಚೊಕ್ಕ ಮಾಡಿದ್ದೇ ಅವನ ಮೇಲೆ ಸಾಕ್ಷಿಯಾಗಿತ್ತು.

"ಕಳ್ಳ ಅಂತ ಎಲ್ಲಿ ನಿಂತು ಅಂದಿ?" ಎಂದು ಚಾಚಾ ಕೇಳಿದರು.

"ಗ್ಯಾರೇಜ್ ಮುಂದ."

"ಅಲ್ಲೇ ನಿಂತು 'ಅಲ್ಲ' ಅನ್ನಬೇಕು. ಮನ್ಯಾಗ ಕುಂತು ಫೋನಿನ್ಯಾಗ ಅಂದ್ರ ಆಗೂದಿಲ್ಲ. ಕೇಳಿದವರು ಅಲ್ಲಿ ಅದಾರ."

ಅಣ್ಣ ಒಳ್ಳೆಯವನು. ಬಾಯಿ ಬಿರುಸು, ಮನಸ್ಸು ಅಲ್ಲ. ಅದೇ ಗಾಡಿಯನ್ನು ಚಾಲೂ ಮಾಡಿಕೊಂಡು ಗ್ಯಾರೇಜಿಗೆ ಹೋದ. ಚಹಾದಂಗಡಿಯ ಬಾಂಕಿನ ಮೇಲೆ ಕೂತವರೆದುರು ಮಾಲೀಕನಿಗೆ ನಡೆದದ್ದನ್ನು ಹೇಳಿದ. ಹರಿದ ವೈರನ್ನು ತೋರಿಸಿದ. ಹುಡುಗ ಹನ್ನೊಂದು ದಿನ ಕೆಲಸವಿಲ್ಲದೆ ಊರಿಗೆ ಹೋಗಿ ಕೂತಿದ್ದ. ಆ ಹನ್ನೊಂದು ದಿನದ ಪಗಾರವನ್ನು ಅಣ್ಣನೇ ಮಾಲೀಕನ ಕೈಗಿಟ್ಟು ಬಂದ. "ಆ ಜನಾನ ಹಂಗ" ಎಂದವರು ಆ ದಿನ ಅಲ್ಲಿರಲಿಲ್ಲ. ಅಂಥ ಮಾತು ಆಡಿದವರು ಹಿಂದಕ್ಕೆ ಪಡೆಯುವ ಹೊತ್ತಿಗೆ ಎಲ್ಲಿಯೂ ಇರುವುದಿಲ್ಲ.

ಗಾಡಿ ಚಿಕ್ಕೋಡಿಯ ಆರ್‌ಟಿಒ ಕಚೇರಿಗೆ ತನ್ನ ಕಾಲ ಮೇಲೆ ತಾನೇ ಹೋಯಿತು. 2029ರವರೆಗೆ ಅದಕ್ಕೆ ರಸ್ತೆಯಿದೆ.

ಈ ವಿಷಯ ಬರೆಯುತ್ತೇನೆಂದಾಗ ಗೆಳೆಯರೊಬ್ಬರು, "ಇನ್ನು ಪಾಯಿಂಟು, ಕಂಡೆನ್ಸರು ಯಾರಿಗೆ ಬೇಕು? ಈಗಿನ ಕಾರಿಗೆ ಸ್ಕ್ಯಾನರ್ ಹಚ್ಚಿದರೆ ಅದೇ ಹೇಳುತ್ತದೆ" ಎಂದರು. ಅವರ ಮಾತು ಸುಳ್ಳಲ್ಲ. ಈಗಿನ ಎಂಜಿನ್ನಿನಲ್ಲಿ ಪಾಯಿಂಟೂ ಇಲ್ಲ, ಡೆಲ್ಕೋವೂ ಇಲ್ಲ; ಪ್ಲಗ್ಗಿಗೊಂದು ಕಾಯಿಲ್ ಇಟ್ಟು ಕಂಪ್ಯೂಟರ್ ನಡೆಸುತ್ತದೆ. ಆದರೆ ಸ್ಕ್ಯಾನರ್ ಕೊಡುವುದು ಒಂದು ಸಂಖ್ಯೆ. ಎರಡನೆಯ ಸಿಲಿಂಡರಿನ ಕಾಯಿಲ್ ಸರ್ಕ್ಯೂಟಿನಲ್ಲಿ ದೋಷ ಎಂದು ಅದು ಹೇಳಬಹುದು. ಕಾಯಿಲ್ ಕೆಟ್ಟಿದೆಯೋ, ವೈರು ಹರಿದಿದೆಯೋ, ಪ್ಲಗ್ ಜೋಡಣೆಯಲ್ಲಿ ನೀರು ಹೊಕ್ಕಿದೆಯೋ ಎಂಬುದನ್ನು ಆಮೇಲೆ ಮನುಷ್ಯನೇ ನೋಡಬೇಕು. ಸಂಖ್ಯೆ ಓದಿದ ಕೂಡಲೇ ಕಾಯಿಲ್ ಬದಲಿಸುವವನು ಮತ್ತು ಮಾತು ಕೇಳಿದ ಕೂಡಲೇ ಹುಡುಗನನ್ನು ಕಳ್ಳನೆನ್ನುವವನು, ಇಬ್ಬರೂ ಮಾಡುವುದು ಒಂದೇ ಕೆಲಸ.

ಚಾಚಾರ ಕ್ರಮವನ್ನು ಆಮೇಲೆ ಮನಸ್ಸಿನಲ್ಲಿ ಹಲವು ಸಲ ತಿರುಗಿಸಿ ನೋಡಿದ್ದೇನೆ. ಅವರು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿದರು, ಅದೂ ಹೌದು ಅಥವಾ ಅಲ್ಲ ಎಂಬ ಉತ್ತರವಿರುವ ಪ್ರಶ್ನೆ. ಪ್ರತಿ ಉತ್ತರಕ್ಕೂ ಕೆಲವರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿದರು. ದೋಷಿಯನ್ನು ಹಿಡಿಯುವ ಆತುರ ಅವರಿಗಿರಲಿಲ್ಲ. ನಿರ್ದೋಷಿಗಳನ್ನೆಲ್ಲ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದೇ ದೋಷ ಎಂಬುದು ಅವರ ನಂಬಿಕೆ. ನಮ್ಮ ಊರುಗಳಲ್ಲಿ ನಡೆಯುವುದು ಇದರ ತಿರುಗು. ಗಣಪತಿ ಮೆರವಣಿಗೆಯಲ್ಲಿ ಎಲ್ಲಿಂದಲೋ ಒಂದು ಕಲ್ಲು ಬಿದ್ದರೆ, ಮೊಹರಂ ಪಂಜಾದ ಮುಂದೆ ಒಂದು ಪಟಾಕಿ ಸಿಡಿದರೆ, ಮೊಬೈಲಿನಲ್ಲಿ ಯಾರದೋ ಸ್ಟೇಟಸ್ ಕಂಡರೆ, ಮೊದಲು ಹೆಸರು ಬರುತ್ತದೆ. ಪ್ರಶ್ನೆ ಆಮೇಲೆ, ಬಂದರೆ.

ಹುಡುಗ ಗ್ಯಾರೇಜಿಗೆ ಮರಳಿದ. ಎರಡು ತಿಂಗಳು ಕೆಲಸ ಮಾಡಿ ಬಿಟ್ಟ. ಮಾತು ಹಿಂದಕ್ಕೆ ಬಂದಿದ್ದರೂ ಗಿರಾಕಿಗಳು ಅವನ ಕೈಗೆ ಗಾಡಿ ಬಿಟ್ಟು ಹೋಗುವಾಗ ಒಮ್ಮೆ ತಿರುಗಿ ನೋಡುವುದು ನಿಂತಿರಲಿಲ್ಲ. ಈಗ ಗಡಿಯಾಚೆ ಕಾಗಲದ ಕಾರ್ಖಾನೆಯೊಂದರಲ್ಲಿ ಇದ್ದಾನೆ, ವೈರಿಂಗ್ ಕೆಲಸ. ಹೋಗುವ ಮೊದಲು ನಿಪ್ಪಾಣಿಗೆ ಹೋಗಿ ಚಾಚಾರನ್ನು ಕಂಡು ಆ ದೀಪ ಮಾಡುವುದು ಹೇಗೆಂದು ಕೇಳಿದನಂತೆ. ಚಾಚಾ ಮಾಡುವುದನ್ನೂ ಕಲಿಸಿದರು, ತಮ್ಮದನ್ನೂ ಕೊಟ್ಟುಬಿಟ್ಟರು. ಮೊನ್ನೆ ಫೋನ್ ಮಾಡಿದ್ದ. ಕಂಪನಿಯವರು ಮೀಟರ್ ಕೊಟ್ಟಿದ್ದಾರೆ, ದೀಪ ಊಟದ ಡಬ್ಬಿಯ ಚೀಲದಲ್ಲಿದೆ ಎಂದ. ನಾನು ಚಾಚಾರಿಗೆ ಅದನ್ನು ಹೇಳಿದೆ. ಅವರು ಕೇಳಿದ್ದು, "ಬಲ್ಬ್ ಹನ್ನೆರಡು ವೋಲ್ಟಿಂದು. ಹೆಚ್ಚಿನ ಕರೆಂಟಿಗೆ ಹಚ್ಚಬ್ಯಾಡ ಅಂತ ಹೇಳಿದೇನು?"

ಹೇಳಿದ್ದೆ.